ನಿಮ್ಮ ಟರ್ನ್‌ಓವರ್ ಎಷ್ಟು?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಗಲ್ಲಾ ಮುಂದಿದ್ದ ಕ್ಯೂಆರ್ ಫಲಕಗಳು ಒಂದೊಂದಾಗಿ ಮಾಯವಾದವು. ಅವುಗಳ ಜಾಗದಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಕೈಬರಹದ ಚೀಟಿಗಳು ಬಂದವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಮುಂದಿನ ವರ್ಷಗಳ ಯುಪಿಐ ಮಾಹಿತಿ ತರಿಸಿಕೊಂಡು, ಮಿತಿ ಮೀರಿ ಹಣ ಪಡೆದೂ ಜಿಎಸ್‌ಟಿ ನೋಂದಣಿ ಮಾಡಿಸದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯವರೆಗೂ ನೋಟಿಸ್ ಹೋಗಿತ್ತು. ಹಾಲಿನ ಮಾರಾಟ ನಿಲ್ಲಿಸುತ್ತೇವೆ, ಬಂದ್ ಮಾಡುತ್ತೇವೆ ಎಂದು ವ್ಯಾಪಾರಿಗಳು ಹೊರಟಾಗ, ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಂಘಟನೆಗಳನ್ನು ಕರೆದು ಮಾತಾಡಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು.

ಆ ದಿನಗಳಲ್ಲಿ ಟಿವಿ ಮೈಕಿನ ಮುಂದೆ ನಿಂತ ವ್ಯಾಪಾರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ‘ಸಾರ್, ಅಷ್ಟು ದುಡ್ಡು ನನಗೆ ಉಳಿದಿದ್ದರೆ ನಾನ್ಯಾಕೆ ಟೀ ಮಾರಿಕೊಂಡು ಇರ್ತಿದ್ದೆ?’ ಆ ಮಾತು ಸತ್ಯ. ಆದರೆ ಇಲಾಖೆ ಕೇಳುತ್ತಿದ್ದದ್ದು ಎಷ್ಟು ಉಳಿಯಿತು ಎಂದಲ್ಲ, ಟರ್ನ್‌ಓವರ್ ಎಷ್ಟಾಯಿತು ಎಂದು. ಇನ್ನೊಂದು ಕಡೆ ಇಲಾಖೆಯ ಕೈಲಿದ್ದದ್ದೂ ಟರ್ನ್‌ಓವರ್ ಅಲ್ಲ, ಖಾತೆಗೆ ಬಂದು ಬಿದ್ದ ಹಣದ ಮೊತ್ತ. ಒಬ್ಬರು ಲಾಭದ ಬಗ್ಗೆ, ಇನ್ನೊಬ್ಬರು ಜಮೆಯ ಬಗ್ಗೆ ಮಾತಾಡುತ್ತಿದ್ದರು. ನಡುವೆ ಇದ್ದ ನಿಜವಾದ ಟರ್ನ್‌ಓವರನ್ನು ಯಾರೂ ಬರೆದಿಟ್ಟಿರಲಿಲ್ಲ.

ಕನ್ನಡದಲ್ಲಿ ಗೊಂದಲ ಇನ್ನಷ್ಟು ಹೆಚ್ಚು. ಟರ್ನ್‌ಓವರ್‌ಗೂ ನಾವು ವಹಿವಾಟು ಅನ್ನುತ್ತೇವೆ, ಬ್ಯಾಂಕಿನ ಒಂದೊಂದು ಜಮೆ-ಖರ್ಚಿಗೂ ವಹಿವಾಟು ಅನ್ನುತ್ತೇವೆ. ‘ಯುಪಿಐನಲ್ಲಿ 50 ಲಕ್ಷದ ವಹಿವಾಟು’ ಎಂಬ ಸುದ್ದಿ ಓದಿದವರಿಗೆ ಅದು 50 ಲಕ್ಷದ ಮಾರಾಟವೋ, 50 ಲಕ್ಷ ಹಣ ಓಡಾಡಿದ್ದೋ ತಿಳಿಯುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಅಂಗಡಿಯವರೇ ಬಳಸುವ ಟರ್ನ್‌ಓವರ್ ಎಂಬ ಮಾತನ್ನೇ ಇಟ್ಟುಕೊಳ್ಳುತ್ತೇನೆ.

ಟರ್ನ್‌ಓವರ್ ಎಂದರೆ ಒಂದು ಅವಧಿಯಲ್ಲಿ, ಸಾಮಾನ್ಯವಾಗಿ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, ನೀವು ಮಾರಿದ ಸರಕಿನ ಅಥವಾ ಮಾಡಿಕೊಟ್ಟ ಕೆಲಸದ ಒಟ್ಟು ಬೆಲೆ. ಖರ್ಚು ಕಳೆಯುವ ಮೊದಲಿನ ಮೊತ್ತ ಇದು. ನಗದು, ಫೋನ್‌ಪೇ, ಕಾರ್ಡ್, ಎಲ್ಲವೂ ಸೇರುತ್ತದೆ. ಉದ್ರಿ ಕೊಟ್ಟ ಸಾಮಾನೂ ಸೇರುತ್ತದೆ. ಹಣ ಇನ್ನೂ ಕೈಗೆ ಬಾರದಿದ್ದರೂ ಮಾರಾಟ ಆಗಿಹೋಗಿದೆ. ಗಿರಾಕಿ ವಾಪಸ್ ತಂದ ಮಾಲನ್ನೂ ಬಿಲ್ಲಿನಲ್ಲೇ ಬಿಟ್ಟ ರಿಯಾಯಿತಿಯನ್ನೂ ಕಳೆಯಬೇಕು. ಅರ್ಥ ಇಷ್ಟೇ. ಕಷ್ಟವೆಲ್ಲ ಲೆಕ್ಕ ಹಾಕುವಾಗ.

ಒಂದು ಕಿರಾಣಿ ಅಂಗಡಿಯ ಲೆಕ್ಕ ಹಾಕಿ ನೋಡೋಣ. ದಿನಕ್ಕೆ 12,000 ರೂಪಾಯಿ ವ್ಯಾಪಾರ, ವರ್ಷಕ್ಕೆ 360 ದಿನ ಬಾಗಿಲು ತೆರೆದಿರುತ್ತದೆ ಎಂದುಕೊಳ್ಳಿ. ಟರ್ನ್‌ಓವರ್ 43,20,000 ರೂಪಾಯಿ. ಕಿರಾಣಿಯಲ್ಲಿ ಅಕ್ಕಿ, ಎಣ್ಣೆ, ಸಕ್ಕರೆಗೆ ಮಾರ್ಜಿನ್ ಕಡಿಮೆ, ಬಿಸ್ಕತ್ತು, ಸೋಪಿಗೆ ಸ್ವಲ್ಪ ಮೇಲು. ಎಲ್ಲ ಸೇರಿ ನೂರಕ್ಕೆ 12 ಸಿಗುತ್ತದೆ ಎನ್ನೋಣ. ಮಾಲು ಕೊಂಡ ಬೆಲೆ ಕಳೆದು ಉಳಿದದ್ದು 5,18,400. ಬಾಡಿಗೆ ತಿಂಗಳಿಗೆ 12,000, ಕರೆಂಟು 3,000, ಕೆಲಸದ ಹುಡುಗನಿಗೆ 10,000. ವರ್ಷಕ್ಕೆ ಇವೇ ಮೂರು ಲಕ್ಷ ಆಯಿತು. ಇಲಿ ಕಡಿದ ಮೂಟೆ, ಡೇಟ್ ಮುಗಿದ ಪ್ಯಾಕೆಟ್ಟು, ಕವರು, ತೂಕದ ಯಂತ್ರದ ರಿಪೇರಿ ಎಂದು ಇನ್ನೊಂದು 18,400 ಬರೆಯಿರಿ. ಮಾಲೀಕನಿಗೆ ಉಳಿದದ್ದು ಎರಡು ಲಕ್ಷ ರೂಪಾಯಿ. ತಿಂಗಳಿಗೆ ಹದಿನೇಳು ಸಾವಿರವೂ ಇಲ್ಲ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಲ್ಲಾ ಮೇಲೆ ಕೂತ ಅವನ ಮತ್ತು ಅವನ ಹೆಂಡತಿಯ ದುಡಿಮೆಗೆ ಇದರಲ್ಲಿ ಬೇರೆ ಸಂಬಳ ಹಿಡಿದಿಲ್ಲ.

ಈ ಅಂಗಡಿಯನ್ನು ಎರಡು ಕಾನೂನುಗಳು ಎರಡು ರೀತಿ ನೋಡುತ್ತವೆ. ಆದಾಯ ತೆರಿಗೆಗೆ ಬೇಕಾದದ್ದು ಲಾಭ. ವ್ಯಾಪಾರಿಗಳ ಬಾಯಲ್ಲಿ ‘44ಎಡಿ’ ಎಂದೇ ಹೆಸರಾದ ಅಂದಾಜು ಪದ್ಧತಿಯಲ್ಲಿ ಟರ್ನ್‌ಓವರಿನ ಶೇ. 8ರಷ್ಟನ್ನು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಭಾಗಕ್ಕೆ ಶೇ. 6ರಷ್ಟನ್ನು ಲಾಭ ಎಂದು ತೋರಿಸಿದರೆ ಸಾಕು, ದೊಡ್ಡ ಲೆಕ್ಕಪುಸ್ತಕ ಇಡಬೇಕಾಗಿಲ್ಲ. ನಮ್ಮ ಅಂಗಡಿಗೆ ಅದು ಪೂರ್ತಿ ಯುಪಿಐ ಆದರೆ 2,59,200, ಪೂರ್ತಿ ನಗದಾದರೆ 3,45,600. ಎರಡೂ ಹೊಸ ತೆರಿಗೆ ಪದ್ಧತಿಯ 4 ಲಕ್ಷದ ವಿನಾಯಿತಿ ಮಿತಿಯ ಒಳಗೇ ಇವೆ. ಬೇರೆ ಆದಾಯ ಇಲ್ಲದಿದ್ದರೆ ಕಟ್ಟಬೇಕಾದ ಆದಾಯ ತೆರಿಗೆ ಸೊನ್ನೆ. ಯುಪಿಐ ತೆಗೆದುಹಾಕಿ ನಗದಿಗೆ ಮರಳಿದ ವ್ಯಾಪಾರಿ ತನಗೆ ಅನುಕೂಲವಾಗಿದ್ದ ಶೇ. 6ರ ಲೆಕ್ಕವನ್ನೇ ಬಿಟ್ಟುಕೊಟ್ಟಂತಾಯಿತು ಎಂಬುದನ್ನು ಆ ಗಲಾಟೆಯಲ್ಲಿ ಯಾರೂ ಅವರಿಗೆ ಹೇಳಲಿಲ್ಲ.

ಜಿಎಸ್‌ಟಿಗೆ ಬೇಕಾದದ್ದು ಟರ್ನ್‌ಓವರ್. ಲಾಭ ಬಂತೋ ನಷ್ಟವಾಯಿತೋ ಅದು ಕೇಳುವುದಿಲ್ಲ. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಮಿತಿ. 40 ಲಕ್ಷವನ್ನು 365ರಿಂದ ಭಾಗಿಸಿದರೆ ದಿನಕ್ಕೆ 10,959 ರೂಪಾಯಿ. 20 ಲಕ್ಷವನ್ನು ಭಾಗಿಸಿದರೆ 5,479. ಈ ಎರಡು ಅಂಕಿಗಳನ್ನು ಗಲ್ಲಾ ಪಕ್ಕದ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ದಿನದ ವ್ಯಾಪಾರ ಅದರ ಹತ್ತಿರ ಸುಳಿಯುತ್ತಿದೆ ಎಂದರೆ ಲೆಕ್ಕ ಹಾಕಿಸುವ ಸಮಯ ಬಂತು. ಮಿತಿ ದಾಟಿ ನೋಂದಣಿಯ ಹೊಣೆ ಬಂದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು.

ಯಾರಿಗೆ 40, ಯಾರಿಗೆ 20?

ತೊಂದರೆಗೆ ಸಿಕ್ಕಿಕೊಳ್ಳುವವರಲ್ಲಿ ಹೆಚ್ಚಿನವರು ಈ ಪ್ರಶ್ನೆಯಲ್ಲೇ ಸಿಕ್ಕಿಕೊಳ್ಳುತ್ತಾರೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೀ, ಕಾಫಿ, ಇಡ್ಲಿ-ವಡೆ ಮಾಡಿ ಕೊಡುವುದು ಕಾನೂನಿನ ಕಣ್ಣಿನಲ್ಲಿ ರೆಸ್ಟೋರೆಂಟ್ ಸೇವೆ. ಹಾಗಾಗಿ ದರ್ಶಿನಿಗೂ ಟೀ ಅಂಗಡಿಗೂ ಮಿತಿ 20 ಲಕ್ಷ. ಬ್ಯೂಟಿ ಪಾರ್ಲರ್, ಗ್ಯಾರೇಜು, ಟೈಲರಿಂಗ್ ಕೂಡ ಅದೇ ಸಾಲು. ಐಸ್‌ಕ್ರೀಂ, ಪಾನ್ ಮಸಾಲ, ಬೀಡಿ-ಸಿಗರೇಟಿನಂಥ ತಂಬಾಕು ಪದಾರ್ಥ ಮಾರುವವರಿಗೂ 40 ಲಕ್ಷದ ಸೌಲಭ್ಯ ಇಲ್ಲ. ಕಾಂಡಿಮೆಂಟ್ಸ್ ಅಂಗಡಿಯ ಮೂಲೆಯಲ್ಲಿಟ್ಟ ಒಂದು ಸಿಗರೇಟ್ ಡಬ್ಬ ಇಡೀ ಅಂಗಡಿಯ ಮಿತಿಯನ್ನು ಅರ್ಧಕ್ಕೆ ಇಳಿಸಬಲ್ಲದು. ಸ್ವಂತ ಕಟ್ಟಡದ ಮೇಲಿನ ಮಹಡಿಯನ್ನು ಆಫೀಸಿಗೆ ಬಾಡಿಗೆ ಕೊಟ್ಟಿದ್ದರೆ ಅದೂ ಸೇವೆಯೇ. ಆ ಬಾಡಿಗೆ ನಿಮ್ಮ ಟರ್ನ್‌ಓವರಿಗೆ ಸೇರುತ್ತದೆ, ಮೇಲಾಗಿ ‘ಸರಕು ಮಾತ್ರ ಮಾರುವವರು’ ಎಂಬ ಪಟ್ಟಿಯಿಂದ ನಿಮ್ಮನ್ನು ಹೊರಗೆ ಹಾಕುತ್ತದೆ. ಬ್ಯಾಂಕ್ ಠೇವಣಿಯ ಬಡ್ಡಿ ಮಾತ್ರ ನಿಮ್ಮನ್ನು ಆ ಪಟ್ಟಿಯಿಂದ ಹೊರಗೆ ಹಾಕುವುದಿಲ್ಲ.

ಲೆಕ್ಕ ನಿಲ್ಲುವುದು ಅಂಗಡಿಯ ಹೆಸರಿನ ಮೇಲಲ್ಲ, ಪ್ಯಾನ್ ನಂಬರಿನ ಮೇಲೆ. ಒಬ್ಬರ ಪ್ಯಾನಿನಲ್ಲಿ ದಾವಣಗೆರೆಯಲ್ಲೊಂದು, ಹುಬ್ಬಳ್ಳಿಯಲ್ಲೊಂದು ಅಂಗಡಿ ಇದ್ದರೆ ಎರಡನ್ನೂ ಕೂಡಿಸಬೇಕು. ಮುಂಬಯಿಯಲ್ಲಿ ಹೋಟೆಲ್, ಉಡುಪಿಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಈ ವಿಷಯ ಗಮನಕ್ಕೆ ಬಂದಿರುವುದೇ ಇಲ್ಲ.

ತೆರಿಗೆಯೇ ಇಲ್ಲದ ಸರಕಿನ ಕಥೆ ಇನ್ನೂ ಸೂಕ್ಷ್ಮ. ತಾಜಾ ತರಕಾರಿ, ಹಣ್ಣು, ಹಾಲು, ಮೊಟ್ಟೆ, ಸಡಿಲವಾಗಿ ತೂಗಿ ಕೊಡುವ ಅಕ್ಕಿ-ಬೇಳೆಗೆ ಜಿಎಸ್‌ಟಿ ಇಲ್ಲ. ಇಂಥವನ್ನೇ ಮಾರುವವರು ಕೋಟಿ ರೂಪಾಯಿ ವ್ಯಾಪಾರ ಮಾಡಿದರೂ ನೋಂದಣಿ ಬೇಡ. ತಾನು ಬೆಳೆದದ್ದನ್ನು ಮಾರುವ ರೈತನಿಗೂ ಬೇಡ. ಆದರೆ ತರಕಾರಿ ಜೊತೆಗೆ ಸೋಪು, ಬಿಸ್ಕತ್ತು ಇಟ್ಟ ಕೂಡಲೇ ಲೆಕ್ಕ ಬದಲಾಗುತ್ತದೆ. 15 ಲಕ್ಷದ ತರಕಾರಿ, 27 ಲಕ್ಷದ ತೆರಿಗೆ ಸರಕು ಮಾರಿದವನ ಟರ್ನ್‌ಓವರ್ 42 ಲಕ್ಷ. ತೆರಿಗೆ ಇಲ್ಲದ 15 ಲಕ್ಷವೂ ಎಣಿಕೆಗೆ ಬರುತ್ತದೆ. ನೋಂದಣಿ ಕಡ್ಡಾಯ, ತೆರಿಗೆ ಮಾತ್ರ 27 ಲಕ್ಷದ ಮೇಲೆ. ನೋಟಿಸ್ ಬಂದವರಲ್ಲಿ ಅನೇಕರು ಗಾಬರಿಯಾದದ್ದು ಇಡೀ ಮೊತ್ತಕ್ಕೆ ತೆರಿಗೆ ಹಾಕುತ್ತಾರೆ ಎಂಬ ಭಯದಿಂದ.

ಇಂಥ ಸಣ್ಣ ಅಂಗಡಿಗೆ ರಾಜಿ ತೆರಿಗೆ ಪದ್ಧತಿ ಇದೆ, ಕಂಪೋಸಿಷನ್ ಸ್ಕೀಮ್ ಎಂದು ಎಲ್ಲರೂ ಕರೆಯುವುದು ಇದನ್ನೇ. ವರ್ಷಕ್ಕೆ 1.5 ಕೋಟಿ ಟರ್ನ್‌ಓವರ್‌ವರೆಗೆ ಇದರಲ್ಲಿ ಇರಬಹುದು. ಮಾಲು ಕೊಂಡು ಮಾರುವವರು ತೆರಿಗೆ ಸರಕಿನ ಮಾರಾಟದ ಮೇಲೆ ಶೇ. 1, ಮದ್ಯ ಕೊಡದ ಹೋಟೆಲಿನವರು ಶೇ. 5 ಕಟ್ಟಿದರೆ ಆಯಿತು. 27 ಲಕ್ಷದ ತೆರಿಗೆ ಸರಕು ಮಾರಿದ ಮೇಲಿನ ಅಂಗಡಿಗೆ ಅದು ವರ್ಷಕ್ಕೆ 27,000 ರೂಪಾಯಿ. ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಕಂಪೋಸಿಷನ್ ಅಂಗಡಿಯ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಬೇರೆ ಸಾಲು ಕಂಡರೆ ಗಿರಾಕಿಯಾಗಿ ನೀವು ಪ್ರಶ್ನೆ ಮಾಡಬಹುದು.

ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ

ಅಂಗಡಿಯ ಕ್ಯೂಆರ್‌ಗೆ ಏನೇನು ಬರುತ್ತದೆ ನೋಡಿ. ಭಾವ ಕಳಿಸಿದ ಕೈಸಾಲ. ಚೀಟಿ ಎತ್ತಿದ ದುಡ್ಡು. ಅಡವಿಟ್ಟ ಬಂಗಾರದ ಮೇಲಿನ ಸಾಲ. ತಮ್ಮನ ಕಾಲೇಜು ಫೀಸಿಗೆ ಊರಿಂದ ಅಪ್ಪ ಹಾಕಿದ್ದು. ಒಂದು ಖಾತೆಯಿಂದ ಇನ್ನೊಂದಕ್ಕೆ ನೀವೇ ವರ್ಗಾಯಿಸಿಕೊಂಡದ್ದು. ಹಳೇ ಸ್ಕೂಟರ್ ಮಾರಿದ್ದು. ಎಟಿಎಂ ಹತ್ತಿರದಲ್ಲಿಲ್ಲದ ಊರುಗಳಲ್ಲಂತೂ ‘ಅಣ್ಣಾ, ಎರಡು ಸಾವಿರ ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಿ’ ಎನ್ನುವವರು ದಿನಾ ಇದ್ದೇ ಇರುತ್ತಾರೆ. ಇದ್ಯಾವುದೂ ಟರ್ನ್‌ಓವರ್ ಅಲ್ಲ. ಆದರೆ ಸ್ಟೇಟ್‌ಮೆಂಟಿನಲ್ಲಿ ಎಲ್ಲವೂ ಒಂದೇ ರೀತಿ ಕಾಣುತ್ತದೆ: ತಾರೀಖು, ಹೆಸರು, ಮೊತ್ತ. ಮೂರು ವರ್ಷ ಕಳೆದ ಮೇಲೆ ಅದು ಯಾವ ಎರಡು ಸಾವಿರ ಎಂದು ಯಾರಿಗೆ ನೆನಪಿರುತ್ತದೆ?

ಇದಕ್ಕೆ ಪರಿಹಾರ ತೀರಾ ಸುಲಭವಾಗಿದ್ದೂ ಜನ ಮಾಡುವುದಿಲ್ಲ ಎಂಬುದೇ ನನ್ನ ಸಂಕಟ. ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ. ಅಂಗಡಿಯ ಕ್ಯೂಆರ್ ಅಂಗಡಿಯ ಖಾತೆಗೇ ಸೇರಬೇಕು. ಮನೆಯವರು, ನೆಂಟರು, ಚೀಟಿಯವರು ಅದರ ಹತ್ತಿರ ಬರಬಾರದು. ರಾತ್ರಿ ಷಟರ್ ಎಳೆಯುವ ಮೊದಲು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ನಗದು ಎಷ್ಟು, ಯುಪಿಐ ಎಷ್ಟು, ಉದ್ರಿ ಎಷ್ಟು, ಅದರಲ್ಲಿ ವ್ಯಾಪಾರ ಅಲ್ಲದ್ದು ಎಷ್ಟು. ಹಾಲು-ತರಕಾರಿ ಬೇರೆ ಕಾಲಂ. ಹೈಸ್ಕೂಲಿಗೆ ಹೋಗುವ ಮಗಳಿಗೆ ಹೇಳಿದರೆ ಅವಳೇ ಮೊಬೈಲಿನಲ್ಲಿ ಚೆನ್ನಾಗಿ ಮಾಡಿಕೊಡುತ್ತಾಳೆ. ಮಾಲು ಕೊಂಡ ಬಿಲ್ಲುಗಳನ್ನು ತಿಂಗಳಿಗೊಂದು ಕವರಿನಲ್ಲಿ ಹಾಕಿಡಿ.

ಇನ್ನೊಬ್ಬರ ಹಣ ನಿಮ್ಮ ಕೈ ಹಾಯ್ದು ಹೋಗುವ ಕೆಲಸಗಳಲ್ಲಿ ಇನ್ನೂ ಎಚ್ಚರ ಬೇಕು. ಸೈಬರ್ ಸೆಂಟರಿನಲ್ಲಿ ಗಿರಾಕಿಯ 1,000 ರೂಪಾಯಿ ಕರೆಂಟ್ ಬಿಲ್ ಕಟ್ಟಿಕೊಟ್ಟು ಹತ್ತು ರೂಪಾಯಿ ತೆಗೆದುಕೊಂಡರೆ ಆ ಹತ್ತು ಮಾತ್ರ ನಿಮ್ಮದು. ಎಪಿಎಂಸಿಯ ಅಡತಿ ಅಂಗಡಿಯಲ್ಲೂ ಇದೇ ಪ್ರಶ್ನೆ. ರೈತನ ಪರವಾಗಿ ಮಾರಿಸಿಕೊಟ್ಟು ಕಮಿಷನ್ ಮಾತ್ರ ಪಡೆಯುವ ದಲಾಲರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಕಮಿಷನ್ನೇ ಟರ್ನ್‌ಓವರ್. ತಾವೇ ಕೊಂಡು ತಾವೇ ಮಾರುವವರಿಗೆ ಇಡೀ ಮಾರಾಟ. ಬಿಲ್ ಯಾರ ಹೆಸರಿನಲ್ಲಿ ಹೋಗುತ್ತದೆ, ಮಾಲು ಹಾಳಾದರೆ ನಷ್ಟ ಯಾರದು ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಿ. ಕೋಟಿಗಟ್ಟಲೆ ಅಡಿಕೆ, ಮೆಣಸಿನಕಾಯಿ ಕೈದಾಟುವ ಮಂಡಿಯಲ್ಲಿ ಈ ಒಂದು ವ್ಯತ್ಯಾಸದ ಮೇಲೆ ಆಡಿಟ್ ಬೇಕೋ ಬೇಡವೋ ಎಂಬುದೇ ನಿರ್ಧಾರವಾಗುತ್ತದೆ.

ದುಡ್ಡು ತಿರುಗುವ ಲೆಕ್ಕ

ತೆರಿಗೆಯ ಮಾತು ಬಿಟ್ಟು ವ್ಯಾಪಾರದ ಮಾತಿಗೆ ಬಂದರೆ ಈ ಪದದ ಬಹಳ ಉಪಯುಕ್ತ ಬಳಕೆ ಬೇರೆಯೇ ಇದೆ. ಅಂಗಡಿಯವರು ಅದನ್ನು ‘ರೊಟೇಶನ್’ ಎನ್ನುತ್ತಾರೆ. ತಳ್ಳುಗಾಡಿಯಲ್ಲಿ ತರಕಾರಿ ಮಾರುವವರು ಬೆಳಗಿನ ಜಾವ ಕಲಾಸಿಪಾಳ್ಯದಲ್ಲಿ 6,000 ರೂಪಾಯಿ ಮಾಲು ಎತ್ತುತ್ತಾರೆ, ಸಂಜೆಯೊಳಗೆ ಮಾರಿ ಮರುದಿನ ಅದೇ ದುಡ್ಡಿನಲ್ಲಿ ಮತ್ತೆ ಎತ್ತುತ್ತಾರೆ. ವರ್ಷಕ್ಕೆ 300 ಸಲ ಆ ಆರು ಸಾವಿರ ತಿರುಗಿದರೆ 18 ಲಕ್ಷ ರೂಪಾಯಿಯ ಖರೀದಿ ಆಗುತ್ತದೆ. ಅದೇ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ 10 ಲಕ್ಷದ ಸ್ಟಾಕ್ ವರ್ಷಕ್ಕೆ ಎರಡು ಸಲ ತಿರುಗಿದರೆ ಹೆಚ್ಚು. ಸೀರೆಯವರಿಗೆ ಮಾರ್ಜಿನ್ ದೊಡ್ಡದಿರಲೇಬೇಕು, ತರಕಾರಿಯವರು ಕಡಿಮೆ ಮಾರ್ಜಿನ್ನಿನಲ್ಲೂ ಬದುಕಬಲ್ಲರು. ವರ್ಷದಲ್ಲಿ ಮಾರಿದ ಮಾಲಿನ ಕೊಂಡ ಬೆಲೆಯನ್ನು ಅಂಗಡಿಯಲ್ಲಿ ಸರಾಸರಿ ಇರುವ ಸ್ಟಾಕಿನ ಬೆಲೆಯಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮ್ಮ ಸ್ಟಾಕ್ ಟರ್ನ್‌ಓವರ್. ಹೊಸದಾಗಿ ಅಂಗಡಿ ಇಡುವವರು ಮಾರ್ಜಿನ್ ಎಷ್ಟು ಎಂದು ಮಾತ್ರ ಕೇಳುತ್ತಾರೆ. ಎಷ್ಟು ಸಲ ತಿರುಗುತ್ತದೆ ಎಂದು ಕೇಳುವುದು ಅದಕ್ಕಿಂತ ಮುಖ್ಯ ಎಂದು ನನ್ನ ಅಭಿಪ್ರಾಯ.

ಟರ್ನ್‌ಓವರ್ ಬೇರೆ, ಉಳಿಯುವ ಲಾಭ ಬೇರೆ ಎಂಬುದು ದೊಡ್ಡ ಕಂಪನಿಗಳಲ್ಲೂ ನಿಜ. 2023-24ರಲ್ಲಿ ಇನ್ಫೊಸಿಸ್‌ನ ಆದಾಯ ಸುಮಾರು 1,53,670 ಕೋಟಿ, ನಿವ್ವಳ ಲಾಭ ಸುಮಾರು 26,200 ಕೋಟಿ. ನೂರು ರೂಪಾಯಿಗೆ ಹದಿನೇಳು ಉಳಿಯಿತು. ಅದೇ ವರ್ಷ ಡಿ-ಮಾರ್ಟ್ ಸುಮಾರು 50,800 ಕೋಟಿ ವ್ಯಾಪಾರ ಮಾಡಿ ಉಳಿಸಿದ್ದು ಸುಮಾರು 2,500 ಕೋಟಿ, ನೂರಕ್ಕೆ ಐದು. ಪತ್ರಿಕೆಯಲ್ಲಿ ‘ಇಷ್ಟು ಸಾವಿರ ಕೋಟಿ ವಹಿವಾಟು’ ಎಂಬ ತಲೆಬರಹ ಓದಿ ಕಂಪನಿಯ ಷೇರು ಕೊಳ್ಳಲು ಹೊರಡುವ ಮುಂಚೆ ಕೆಳಗಿನ ಸಾಲಿನಲ್ಲಿರುವ ಲಾಭದ ಅಂಕಿ ಹುಡುಕಿ. ಷೇರುಪೇಟೆಯ ಸುದ್ದಿಯಲ್ಲಿ ಟರ್ನ್‌ಓವರ್ ಎಂದರೆ ಆ ದಿನ ಕೈಬದಲಾದ ಷೇರುಗಳ ಒಟ್ಟು ಬೆಲೆ, ಕಂಪನಿಯ ಮಾರಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಗಿರಾಕಿಗಳೊಡನೆ ಮಾತಾಡುವ ನಮ್ಮ ಐಟಿ ಮಕ್ಕಳಿಗೂ ಒಂದು ಮಾತು: ಅಲ್ಲಿ ಬರೀ ಟರ್ನ್‌ಓವರ್ ಎಂದರೆ ಸಾಮಾನ್ಯವಾಗಿ ಕೆಲಸ ಬಿಟ್ಟು ಹೋಗುವ ನೌಕರರ ಪ್ರಮಾಣ, ಇಲ್ಲಿ ಅಟ್ರಿಷನ್ ಎನ್ನುತ್ತೇವಲ್ಲ, ಅದು. ಮಾರಾಟದ ಮೊತ್ತಕ್ಕೆ ಅವರು ರೆವಿನ್ಯೂ ಅಥವಾ ಸೇಲ್ಸ್ ಎನ್ನುತ್ತಾರೆ.

ಬ್ಯಾಂಕಿನಲ್ಲಿ ಟರ್ನ್‌ಓವರ್ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಕಾಲದಿಂದ ಬಂದ ಸೂತ್ರದ ಪ್ರಕಾರ, ಸಣ್ಣ ಉದ್ಯಮ ಮುಂದಿನ ವರ್ಷ ಮಾಡಬಹುದಾದ ಟರ್ನ್‌ಓವರಿನ ಶೇ. 25ರಷ್ಟನ್ನು ದುಡಿಯುವ ಬಂಡವಾಳದ ಅಗತ್ಯ ಎಂದು ಹಿಡಿದು, ಟರ್ನ್‌ಓವರಿನ ಶೇ. 20ರಷ್ಟನ್ನು ಬ್ಯಾಂಕು, ಉಳಿದ ಶೇ. 5ನ್ನು ಮಾಲೀಕ ಹಾಕಬೇಕು. 50 ಲಕ್ಷದ ಟರ್ನ್‌ಓವರ್ ದಾಖಲೆಯಲ್ಲಿ ತೋರಿಸಬಲ್ಲವರಿಗೆ 10 ಲಕ್ಷದ ಮಿತಿ ಕೇಳುವ ಆಧಾರ ಸಿಗುತ್ತದೆ. ತೆರಿಗೆಗೆ ಹೆದರಿ ಮಾರಾಟವನ್ನು ಮುಚ್ಚಿಟ್ಟವರು ಸಾಲಕ್ಕೆ ಹೋದಾಗ ಇದೇ ಮೇಜಿನ ಮುಂದೆ ಸೋಲುತ್ತಾರೆ, ಆಮೇಲೆ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುತ್ತಾರೆ. ಉದ್ಯಮ್ ನೋಂದಣಿಗೂ ಇದೇ ಅಂಕಿ ಬೇಕು. 2025ರ ಏಪ್ರಿಲ್ 1ರಿಂದ 10 ಕೋಟಿವರೆಗಿನ ಟರ್ನ್‌ಓವರ್, 2.5 ಕೋಟಿವರೆಗಿನ ಹೂಡಿಕೆ ಇರುವವರೆಲ್ಲ ಅತಿಸಣ್ಣ ಉದ್ಯಮದವರೇ.

ನಡೆಯುತ್ತಿರುವ ಬೇಕರಿಯನ್ನೋ ಹೋಟೆಲನ್ನೋ ಕೊಳ್ಳಲು ಹೊರಟವರಿಗೆ ಮಾತ್ರ ಈ ಅಂಕಿ ಮೋಸ ಮಾಡಬಹುದು. ‘ದಿನಕ್ಕೆ 20 ಸಾವಿರ ವ್ಯಾಪಾರ’ ಎಂದು ಮಾರುವವರು ಹೇಳುತ್ತಾರೆ. ಅದು ದಸರಾ ತಿಂಗಳ 20 ಸಾವಿರವೋ, ಆಷಾಢದ 20 ಸಾವಿರವೋ ಕೇಳಿ. ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆಗೆ ಮಾಲು ಕೊಂಡ ಬಿಲ್ ಕೇಳಿ. ದಿನಕ್ಕೆ ಎಷ್ಟು ಲೀಟರ್ ಹಾಲು ಇಳಿಯುತ್ತದೆ, ವಾರಕ್ಕೆ ಎಷ್ಟು ಮೂಟೆ ಮೈದಾ ಖಾಲಿಯಾಗುತ್ತದೆ ಎಂದು ಅಲ್ಲಿನ ಭಟ್ಟರನ್ನೇ ಸಹಜವಾಗಿ ಮಾತಿಗೆಳೆದು ತಿಳಿದುಕೊಳ್ಳಿ. ಹಾಲಿಗೂ ಟೀ ಗ್ಲಾಸುಗಳ ಸಂಖ್ಯೆಗೂ ತಾಳೆಯಾಗದಿದ್ದರೆ ಆ 20 ಸಾವಿರವನ್ನು ನಂಬಬೇಡಿ.

ನೋಟಿಸ್ ಈಗಾಗಲೇ ಬಂದು ಕೂತಿದ್ದರೆ ಮೊದಲು ಅದರಲ್ಲಿ ಯಾವ ವರ್ಷ, ಎಷ್ಟು ಮೊತ್ತ, ಉತ್ತರಕ್ಕೆ ಯಾವ ದಿನ ಕೊನೆ ಎಂಬ ಮೂರನ್ನು ನೋಡಿ. ಆ ವರ್ಷದ ಸ್ಟೇಟ್‌ಮೆಂಟ್ ಮುದ್ರಿಸಿಕೊಂಡು ಪ್ರತಿ ಜಮೆಯ ಎದುರು ಮೂರರಲ್ಲಿ ಒಂದು ಗುರುತು ಹಾಕಿ: ತೆರಿಗೆ ಇರುವ ಸರಕು, ತೆರಿಗೆ ಇಲ್ಲದ ಸರಕು, ವ್ಯಾಪಾರವೇ ಅಲ್ಲದ್ದು. ಎರಡನೆಯದಕ್ಕೆ ಖರೀದಿ ಬಿಲ್, ಹಾಲಿನ ಏಜೆನ್ಸಿಯ ರಸೀತಿ, ಎಪಿಎಂಸಿ ಚೀಟಿ ಲಗತ್ತಿಸಿ. ಮೂರನೆಯದಕ್ಕೆ ಹಣ ಕೊಟ್ಟವರ ಒಂದು ಸಹಿ ಮಾಡಿದ ಕಾಗದ ತನ್ನಿ. ನಗದು ಮಾರಾಟವನ್ನು ಮರೆಯದೆ ಸೇರಿಸಿ, ಅದನ್ನು ಬಿಟ್ಟರೆ ನಿಮ್ಮ ಉಳಿದ ಮಾತನ್ನೂ ಅಧಿಕಾರಿ ನಂಬುವುದಿಲ್ಲ. ಅಕೌಂಟೆಂಟರ ಸಹಾಯ ತೆಗೆದುಕೊಂಡು ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಅಷ್ಟಾದರೂ ತೆರಿಗೆ ಕಟ್ಟಿ ಎಂಬ ಆದೇಶ ಬಂದರೆ, ಅದು ಕೈಸೇರಿದ ಮೂರು ತಿಂಗಳೊಳಗೆ, ವಿವಾದದಲ್ಲಿರುವ ತೆರಿಗೆಯ ಶೇ. 10ರಷ್ಟನ್ನು ಕಟ್ಟಿ ಮೇಲ್ಮನವಿ ಸಲ್ಲಿಸಬಹುದು.